ಸವೆಯದ ಬೆರಳು

ನಮ್ಮ ಕಡೆ ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ನನ್ನ ಅತ್ತಿಗೆ ಅಲ್ಲೇ ಹೊಲಿಗೆ ಕೆಲಸದಲ್ಲಿದ್ದರು.

ಒಂದು ಭಾನುವಾರ ಅಲ್ಲಿನ ಎಲ್ಲ ಕಂಪ್ಯೂಟರ್‌ಗಳಿಗೂ ಹೊಸ ವಿಂಡೋಸ್ ಹಾಕಿದೆ. ಒಂದರಲ್ಲಿ ಎಲ್ಲವನ್ನೂ ಸಿದ್ಧಮಾಡಿಕೊಂಡು, ಅದರ ಯಥಾಪ್ರತಿಯನ್ನೇ, ನಾವು ಇಮೇಜ್ ಅನ್ನುವುದನ್ನು, ಉಳಿದವಕ್ಕೆ ಇಳಿಸಿದೆ. ಬೇಗ ಮುಗಿಸಿದೆನೆಂದು ಮ್ಯಾನೇಜರ್ ಬೆನ್ನು ತಟ್ಟಿದರು.

ಸೋಮವಾರ ಬೆಳಿಗ್ಗೆ ಹಿಂದಿನ ಗೇಟಿನಲ್ಲಿ ಹೆಂಗಸರ ಸಾಲು ಮುಂದೆ ಸರಿಯಲೇ ಇಲ್ಲ. ಅಲ್ಲಿನ ಕಂಪ್ಯೂಟರ್‌ಗೆ ಜೋಡಿಸಿದ್ದ, ಹಾಜರಿಗೆ ಬೆರಳೊತ್ತುವ ಯಂತ್ರದ ದೀಪವೇನೋ ಉರಿಯುತ್ತಿತ್ತು. ಚಿಕ್ಕ ವಯಸ್ಸಿನವರ ಬೆರಳನ್ನು ನಾಲ್ಕಾರು ಸಲ ಒತ್ತಿದರೆ ಹಿಡಿಯುತ್ತಿತ್ತು, ವಯಸ್ಸಾದವರದನ್ನು ಇಲ್ಲ.

"ಬೆರಳು ಸವೆದೋಗಿದೆ ಅಕ್ಕಾ, ಸೋಪ್ ಹಾಕಿ ತೊಳ್ಕೊಂಡ್ ಬನ್ನಿ," ಎಂದೆ. ಯಂತ್ರವನ್ನು ನೋಡುವ ಗೋಜಿಗೇ ಹೋಗಲಿಲ್ಲ.

ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಹೆಂಗಸೊಬ್ಬರು ಅಂಗೈ ಬಿಡಿಸಿ ನೋಡಿಕೊಂಡರು. "ಹೂಂ ಕಣಪ್ಪಾ, ಬಿಸಿನೀರಲ್ಲಿ ಗೂಡು ತಡಕಾಡಿ ತಡಕಾಡಿ ಹಿಂಗಾಗೈತೆ." ಆ ದಿನ ಅವರ ಹಾಜರಿ ಬೀಳಲಿಲ್ಲ, ಮಾರನೆಯ ದಿನವೂ ಬೀಳಲಿಲ್ಲ. ಆಮೇಲೆ ಅವರು ಬರಲಿಲ್ಲ.

ಮುಂದಿನ ವಾರ ಶಿಫ್ಟ್ ಬದಲಾಗಿ ಅತ್ತಿಗೆ ಆ ಗೇಟಿಗೆ ಬಂದರು. ಮುಂದಿನ ಗೇಟಿನ ಯಂತ್ರ ದಿನಾ ಹಿಡಿಯುತ್ತಿದ್ದ ಅವರ ಬೆರಳನ್ನೂ ಇದು ಹಿಡಿಯಲಿಲ್ಲ. "ನಂದೂ ಸವೆದೋಯ್ತೇನಪ್ಪಾ?" ಎಂದು ಮೆಲ್ಲಗೆ ಕೇಳಿದರು.

ಆಗ ಕೂತು ನೋಡಿದೆ. ನಾನು ಇಮೇಜ್ ಸಿದ್ಧಮಾಡಿದ್ದು ಮುಂದಿನ ಗೇಟಿನ ಹೊಸ ಯಂತ್ರಕ್ಕೆ ಹೊಂದುವ ಡ್ರೈವರ್, ಅಂದರೆ ಯಂತ್ರದ ಮಾತು ಕಂಪ್ಯೂಟರ್‌ಗೆ ತಿಳಿಸುವ ತಂತ್ರಾಂಶ, ಇಟ್ಟು. ಹಿಂದಿನ ಗೇಟಿನದು ಹಳೆಯ ಮಾದರಿ. ಹೊಸದರ ಡ್ರೈವರನ್ನೇ ತನ್ನದೆಂದುಕೊಂಡು, ಬೆರಳಿನ ಗೆರೆಗಳನ್ನು ಮಸುಕಾಗಿ ಓದುತ್ತಿತ್ತು. ಅದನ್ನು ಕಿತ್ತು ಹಳೆಯ ಡ್ರೈವರ್ ಹಾಕಿದೆ, ಇಮೇಜಿಗೂ ಸೇರಿಸಿದೆ. ಅತ್ತಿಗೆಯ ಬೆರಳನ್ನು ಒಂದೇ ಸಲಕ್ಕೆ ಹಿಡಿಯಿತು. ಹಿಂದೆ ನಿಂತಿದ್ದವರೆಲ್ಲ ಖುಷಿಪಟ್ಟರು. ನನಗೆ ತಲೆ ಎತ್ತಲಾಗಲಿಲ್ಲ.

ಮ್ಯಾನೇಜರಿಗೆ ಹೇಳಿ ಬಿಟ್ಟುಹೋದ ಹಾಜರಿಗಳನ್ನು ಸೇರಿಸುವಂತೆ ಮಾಡಿದೆ. ಸಂಜೆ ಅತ್ತಿಗೆಯನ್ನು ಕರೆದುಕೊಂಡು ಆ ಹೆಂಗಸಿನ ಮನೆಗೆ ಹೋದೆ.

"ನಿಮ್ಮ ಕೈ ಸರಿಯಾಗೇ ಇದೆ ಅಕ್ಕಾ. ತಪ್ಪು ನಂದು. ನಾಳೆಯಿಂದ ಬನ್ನಿ."

"ಏರ್‌ಪೋರ್ಟಲ್ಲಿ ಕ್ಲೀನಿಂಗ್ ಕೆಲ್ಸಕ್ಕೆ ಒಪ್ಕೊಂಬಿಟ್ಟೆ ಕಣಪ್ಪಾ," ಎಂದರು. "ಎರಡು ಬಸ್ ಹತ್ತಬೇಕು. ಹೊಲಿಗೆ ನಂಗೆ ಚೆನ್ನಾಗ್ ಬರ್ತಿತ್ತು. ಇನ್ ಈ ಕೈಲಿ ಆಗಲ್ಲ ಅಂದ್ಕೊಂಡೆ."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಒಳಗೆ ಹೋಗಿ ಕಾಫಿಗಿಟ್ಟರು.