ಕುಳ್ಳಿನ ಬಣವೆಯೊಳಗಿನ ಕೋಳಿಗಳು

ಗುರಪ್ಪ ಕಾಕಾ ಕೋಳಿಗೆ ಕೋಳಿ ಅನ್ನುತ್ತಿರಲಿಲ್ಲ, 'ಅವರು' ಅನ್ನುತ್ತಿದ್ದ. ಅಂಗಡಿಯಿಂದ ಬಂದವನೇ "ಅವರದು ಊಟ ಆತೇನು?" ಎಂದು ಕಾಕುವನ್ನು ವಿಚಾರಿಸುವುದು ಕೇಳಿದರೆ ಮನೆಗೆ ಬೀಗರು ಬಂದಿದ್ದಾರೆ ಎಂದೇ ಯಾರಾದರೂ ತಿಳಿಯಬೇಕು. ತತ್ತಿ ಎಂಬ ಮಾತಂತೂ ಅವನ ಬಾಯಿಂದ ಹೊರಟದ್ದೇ ಇಲ್ಲ. ಅದಕ್ಕೆ ಅವನು ಇಟ್ಟ ಹೆಸರು 'ಔಷಧ'.

ಕಾಕಾ ನನ್ನ ಅಪ್ಪನ ತಮ್ಮ, ಕಾಕು ಅವನ ಹೆಂಡತಿ. ಬಸವಕಲ್ಯಾಣದ ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನಗಳ ಓಣಿ ನಮ್ಮದು. ಕೋಳಿಯ ಪುಕ್ಕ ಗಾಳಿಗೆ ಹಾರಿ ಬಂದರೂ ಅಂಗಳಕ್ಕೆ ನೀರು ಹೊಡೆಯುವ ಜನ. ಅಂಥದರಲ್ಲಿ ಕಾಕು ಹೆರಿಗೆಯಲ್ಲಿ ಕೂಸನ್ನು ಕಳೆದುಕೊಂಡು, ಮೈಯಲ್ಲಿ ರಕ್ತವೇ ಇಲ್ಲದಂತಾಗಿ ಹಾಸಿಗೆ ಹಿಡಿದಳು. ಹುಮನಾಬಾದಿನ ಡಾಕ್ಟರು ದಿನಾ ತತ್ತಿ ಕೊಡಿ, ಇಲ್ಲದಿದ್ದರೆ ಈಕೆ ಏಳುವುದಿಲ್ಲ ಎಂದುಬಿಟ್ಟರು. ಬಜಾರಿನಲ್ಲಿ ಕೊಳ್ಳೋಣವೆಂದರೆ ಇಡೀ ಬಜಾರಿಗೆ ಕಾಕಾನ ಗುರುತು. ಕೊನೆಗೆ ಪಕ್ಕದ ಹಳ್ಳಿ ಮೋರಖಂಡಿಯಿಂದ ನಾಲ್ಕು ಹೇಂಟೆಗಳನ್ನು ಅರಿವೆಯ ಗಂಟಿನಲ್ಲಿ ಸುತ್ತಿ ತಂದ. ಕೂಗಿ ಮಾನ ಕಳೆಯುತ್ತದೆಂದು ಹುಂಜ ಮಾತ್ರ ತರಲಿಲ್ಲ.

ಕೋಳಿಗೂಡು ಹೇಗಿರಬೇಕೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಕಡೆಯ ಬೇಸಿಗೆಗೆ ಗಾಳಿಯಾಡುವ ಗೋಡೆ ಬೇಕು, ನೆರಳು ಬೇಕು, ಮುಂಗುಸಿಗೆ ಸಿಗದಷ್ಟು ಎತ್ತರ ಬೇಕು. ಹಾಗೆ ಕಟ್ಟಿದರೆ ಓಣಿಗೆಲ್ಲ ಕಾಣುತ್ತದೆ. ಅದಕ್ಕೇ ಹಿತ್ತಲಲ್ಲಿ ತಾನೇ ಕೈಯಾರೆ ಕುಳ್ಳಿನ ಬಣವೆ ಒಟ್ಟಿದ. ಹೊರಗೆ ಎಲ್ಲರ ಮನೆಯಂತೆ ಸಗಣಿ ತಟ್ಟಿ ಒಣಗಿಸಿದ ಕುಳ್ಳು, ಮೇಲೆ ಸಗಣಿಯ ಗಿಲಾವು. ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಕೋಳಿ. ಮುಂಗುಸಿಗೂ ಜಾಗವಿಲ್ಲ, ಗಾಳಿಗೂ ಇಲ್ಲ. ಹಿಂದಿನ ಗೋಡೆಯ ಕಡೆಗೆ ಒಂದು ಕಿಂಡಿ ಮಾತ್ರ ಇತ್ತು.

ಬಣವೆ ಕಣ್ಣಿಗೆ ಮೋಸ ಮಾಡಿತು, ಕಿವಿಗೆ ಮಾಡಲಿಲ್ಲ. ತತ್ತಿ ಇಟ್ಟ ಕೋಳಿ ಊರಿಗೇ ಸುದ್ದಿ ಹೇಳುವಂತೆ ಕೂಗುತ್ತದಲ್ಲ. ಅದು ಬಾಯಿ ತೆರೆದ ಕೂಡಲೇ ಕಾಕಾ ಓಡಿ ಹೋಗಿ ದೇವರ ಜಗುಲಿಯ ಗಂಟೆ ಹಿಡಿದು ಬಾರಿಸುತ್ತಿದ್ದ. ಎಲ್ಲವೂ ಇಟ್ಟು ಮುಗಿಸುವವರೆಗೆ ಅಂಗಡಿಗೆ ಹೋಗುತ್ತಿರಲಿಲ್ಲ. ಗೋಡೆಯಾಚೆ ನಾವು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದೆವು. ಓಣಿಯವರು ಮಾತ್ರ ಬೇರೆಯೇ ತಿಳಿದರು. ಹೆಂಡತಿಯ ಜಡ್ಡಿಗಾಗಿ ಗುರಪ್ಪ ಅಂಗಡಿ ಬಿಟ್ಟು ಪೂಜೆಗೆ ಕೂತಿದ್ದಾನೆ, ಎಂಥ ಭಕ್ತಿ ಎಂದರು. ದಾರಿಯಲ್ಲಿ ಕಂಡವರು ಕೈ ಮುಗಿಯತೊಡಗಿದರು. ಅವರು ಮುಗಿದಷ್ಟೂ ಕಾಕಾ ನೆಲ ನೋಡಿಕೊಂಡು ನಡೆಯುತ್ತಿದ್ದ. ಕಾಕು ಕಣ್ಣು ಮುಚ್ಚಿ, ಹಾಲಿನಲ್ಲಿ ಕದಡಿದ ಔಷಧವನ್ನು ನುಂಗುತ್ತ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು.

ಬಸವ ಜಯಂತಿ ಹತ್ತಿರ ಬಂದಿತ್ತು. ಬಿಸಿಲೆಂದರೆ ಬಿಸಿಲು. ಆ ಮಧ್ಯಾಹ್ನ ಓಣಿಯ ಹಿರಿಯರು ಶಿವಲಿಂಗಪ್ಪನವರನ್ನು ಮುಂದೆ ಮಾಡಿಕೊಂಡು ಬಂದು, ಈ ಸಲದ ಪೂಜೆ ನೀನೇ ನಿಂತು ಮಾಡಬೇಕು ಎಂದು ಕಾಕಾನನ್ನು ಕೇಳಿದರು. ಗಾಳಿಗೆಂದು ಪಡಸಾಲೆಯ ಹಿಂದಿನ ಬಾಗಿಲು ತೆಗೆದಿತ್ತು. ಎದುರಿಗೇ ಹಿತ್ತಲು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಕಾಕು ಬಾಗಿಲಿಗೆ ಬಂದು ಮೆಲ್ಲಗೆ ಕರೆದಳು.

"ಏನ್ರಿ, ಒಳಗ ಉಸಿರು ಕಟ್ಟಿ ಸಾಯಾಕತ್ತಾವ್ರಿ."

"ಆಮ್ಯಾಲ ನೋಡೂಣು," ಎಂದ ಕಾಕಾ, ತಿರುಗಿ ನೋಡದೆ.

ಕಾಕು ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ಹಿತ್ತಲಿಗಿಳಿದು, ತೂರಾಡುತ್ತ ಹೋಗಿ, ಎರಡೂ ಕೈಯಿಂದ ಕುಳ್ಳು ಕಿತ್ತು ಕೆಡವತೊಡಗಿದಳು. ಬಣವೆ ಬಾಯಿ ಬಿಟ್ಟಿತು. ಒಂದು ಕೋಳಿ ಕೊಕ್ಕು ತೆರೆದುಕೊಂಡು ಹೊರಗೆ ಬಿತ್ತು, ಅದರ ಹಿಂದೆ ಇನ್ನೊಂದು. ಉಳಿದೆರಡು ಒಳಗೇ ಸತ್ತಿದ್ದವು. ಹಿರಿಯರು ಎದ್ದು ನಿಂತರು. ಕಾಕಾನ ಮುಖ ಸುಣ್ಣದಂತಾಗಿತ್ತು.

"ಇದು ಆಕಿ ಕೆಲಸಾರಿ. ನನಗ ಖಬರೇ ಇದ್ದಿಲ್ಲ," ಎಂದ.

ನನ್ನ ಕೈಯ ನೀರು ಕುಡಿಯದೆ ಅವರು ಹೊರಟುಹೋದರು. ಕಾಕು ಕೋಳಿಗಳ ತಲೆಗೆ ನೀರು ಹನಿಸುತ್ತ ಕೂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ನಾಚಿಕೆಯಿಂದ ನಾನು ಅವಳ ಮುಖ ನೋಡಲಾರದೆ ಹೋದೆ.

ಮರುದಿನ ಕಾಕಾ ಹಾಲಿನ ಬಟ್ಟಲು ಹಿಡಿದು ಬಂದಾಗ ಅವಳು ಅಂದದ್ದು ಇಷ್ಟೇ: "ಕೋಳಿ ನನ್ನವು ಅಂದ್ರಿ. ಇರ್ಲಿ. ನನ್ನ ಕೋಳಿ ತತ್ತಿ ನಾ ತಿನ್ನಂಗಿಲ್ಲ."

ತಿನ್ನಲೂ ಇಲ್ಲ. ಓಣಿಯ ಹೆಂಗಸರು ಉಡಿ ತುಂಬಲು ಅವಳನ್ನು ಕರೆಯುವುದನ್ನು ಬಿಟ್ಟರು. ಪೂಜೆಗೆ ಕಾಕಾನನ್ನು ಕರೆದರು, ಅವನು ಹೋಗಲಿಲ್ಲ. ಆ ವರ್ಷವೇ ಮನೆಯ ಮುಂದೆ, ದಾರಿಗೆ ಎದುರಾಗಿ, ಬೇವಿನ ನೆರಳಲ್ಲಿ ಕೋಳಿಗೂಡು ಕಟ್ಟಿದ. ಕಲ್ಲಿನ ಕಂಬದ ಮೇಲೆ ಎತ್ತರಕ್ಕೆ, ಗಾಳಿ ಸುಳಿಯುವಂತೆ ತೊಗರಿಕಟ್ಟಿಗೆಯ ಹೆಣಿಗೆ, ಮೇಲೆ ಜೋಳದ ಕಣಿಕೆಯ ಹೊದಿಕೆ, ಮೂಡಣಕ್ಕೆ ಬಾಗಿಲು. ಅಷ್ಟು ಚೆಂದದ ಗೂಡು ನಾನು ಇನ್ನೆಲ್ಲೂ ಕಂಡಿಲ್ಲ. ಕಾಕು ಕೋಳಿಗೆ ಕಾಳು ಹಾಕುತ್ತಿದ್ದಳು, ತತ್ತಿಯನ್ನು ಜಡ್ಡಾದವರ ಮನೆಗೆ ಕಳಿಸುತ್ತಿದ್ದಳು. ತಾನು ಮಾತ್ರ ಗೋಡೆ ಹಿಡಿದೇ ನಡೆದಳು, ಬದುಕಿರುವವರೆಗೂ. ಕಾಕಾ ಮತ್ತೆ ಗಂಟೆ ಮುಟ್ಟಲಿಲ್ಲ. ಪೂಜೆ ಮಾಡಿದರೂ ಸದ್ದಿಲ್ಲದೆ ಮಾಡುತ್ತಿದ್ದ.

ಎಂಬತ್ತರ ದಶಕದಲ್ಲಿ ಅವಳು ತೀರಿಕೊಂಡಾಗ ನಾನು ಗಂಡನ ಮನೆ ಹುಮನಾಬಾದಿನಿಂದ ಹೋದೆ. ಪಡಸಾಲೆ ತುಂಬ ಜನ. ಹಣ್ಣು ಮುದುಕರಾಗಿದ್ದ ಶಿವಲಿಂಗಪ್ಪನವರನ್ನು ಹಿಡಿದು ಕರೆತಂದು ಕೂರಿಸಿದರು. ಕಾಕಾ ಅವರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಕೋಳಿ ನನ್ನವು ಇದ್ದವ್ರಿ. ಆಕೀವಲ್ಲ," ಎಂದ.

ಮುದುಕರು ಅವನ ಹೆಗಲ ಮೇಲೆ ಕೈ ಇಟ್ಟರು.

"ನಮಗ ಆವತ್ತೇ ಗೊತ್ತಿತ್ತಪಾ. ನಿಲ್ಲಾಕ ಬರಲಾರದಾಕಿ ಆಳೆತ್ತರ ಕುಳ್ಳು ಹ್ಯಾಂಗ ಒಟ್ಟ್ಯಾಳು ಅಂತ ದಾರಿ ತುಂಬ ಮಾತಾಡಿಕೋತ ಹೋದಿವಿ. ನಾವೂ ಸುಮ್ಮನೇ ಇದ್ದಿವಿ."

ಕಾಕಾ ಟಾವೆಲಿನಿಂದ ಮುಖ ಮುಚ್ಚಿಕೊಂಡ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಹೊರಗೆ ಗೂಡಿನಲ್ಲಿ ಕೋಳಿಯೊಂದು ತತ್ತಿ ಇಟ್ಟು ಕೂಗತೊಡಗಿತು. ಅಳುವವರೂ ಅಳು ನಿಲ್ಲಿಸಿದರು. ಜಗುಲಿಯ ಗಂಟೆ ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ತೂಗುತ್ತಿತ್ತು. ಅವನು ತಲೆ ಎತ್ತಲಿಲ್ಲ. ಕೋಳಿ ತನಗೆ ಸಾಕೆನಿಸುವವರೆಗೂ ಕೂಗಿತು.