ಟೀಚರ್ ನಂಬದ ಮಷೀನು

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಪುಂಡಿಸೊಪ್ಪು ಬಿಡಿಸಿದೆ. ಗದ್ವಾಲದಲ್ಲಿ ಕೆಲಸದಲ್ಲಿರುವ ಮಗಳು ಸಂಜೆ ಬರುವವಳಿದ್ದಳು, ಅವಳ ಹಾಸಿಗೆ ಬಿಸಿಲಿಗೆ ಹಾಕಿದೆ. ಆಮೇಲೆ ಟ್ರಂಕಿನ ಬಟ್ಟೆ ಕೊಡವುತ್ತಿದ್ದಾಗ ಆ ಚೀಲ ಕೈಗೆ ಸಿಕ್ಕಿತು. ಹಳೆಯ ನಾರಾಯಣಪೇಟೆ ಸೀರೆಯ ಕೆಂಪಂಚು ಕತ್ತರಿಸಿ ಹೊಲಿದದ್ದು. ಒಳಗೆ ಸಕ್ಕರೆ ನೋಡುವ ಮಷೀನು. ಮೂಸಿದೆ. ಸ್ಪಿರಿಟ್ಟಿನ ವಾಸನೆ ಇನ್ನೂ ಇತ್ತು... ಅಥವಾ ನನಗೆ ಹಾಗನ್ನಿಸಿತು.

ಅದು ಪಕ್ಕದ ಮನೆಯ ಟೀಚರದ್ದು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ಚಿಕ್ಕವರಿದ್ದಾಗಿನಿಂದ ಇನ್ಸುಲಿನ್ ಚುಚ್ಚಿಕೊಂಡೇ ಬದುಕಿದವರು. ನನ್ನ ಮಗಳಿಗೂ ಎಳೆವಯಸ್ಸಿನಲ್ಲಿ ಅದೇ ಕಾಯಿಲೆ ಬಂದು ನಾನು ಅಳುತ್ತ ಕೂತಾಗ, ಸೂಜಿ ಹಿಡಿಯುವುದನ್ನು ಕಲಿಸಿದವರು ಅವರೇ.

ಅವರಿಗೆ ಎಲ್ಲದರ ಮೇಲೂ ಗುಮಾನಿ. ಚಹಾ ಕೊಟ್ಟರೆ ಮೊದಲು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು.

“ಸಕ್ಕರಿ ಹಾಕಿಲ್ರೀ ಟೀಚರ್.”

“ನೀ ಹಾಕಿಲ್ಲವ್ವ. ನಿನ್ನ ಚಮಚ ಹಾಕಿರತೈತಿ.”

ಮಷೀನಿನ ಮೇಲಂತೂ ಹೇಳುವುದೇ ಬೇಡ. ಒಂದು ಬೆರಳು ತೋರಿಸಿದ ಅಂಕಿ ಮನಸ್ಸಿಗೆ ಬಾರದಿದ್ದರೆ ಇನ್ನೊಂದು ಬೆರಳು ಚುಚ್ಚುವರು. ಆದರೆ ಆ ಗುಮಾನಿಯೇ ಅವರನ್ನು ಕಾಯುತ್ತಿತ್ತು ಅನ್ನಬೇಕು. ಅವರ ಸಕ್ಕರೆ ಯಾವಾಗಲೂ ಡಾಕ್ಟರು ಹೇಳಿದ ಮಿತಿಯೊಳಗೇ ಇರುತ್ತಿತ್ತು.

ಮಗಳನ್ನು ಕರೆದುಕೊಂಡು ನಾನೂ ಟೀಚರೂ ಮಕ್ತಲ್ ಹಾದು ರಾಯಚೂರಿಗೆ ತೋರಿಸಲು ಹೋಗುತ್ತಿದ್ದೆವು. ಒಂದು ಸಲ ಅಲ್ಲಿನ ಡಾಕ್ಟರು, ಟೀಚರಿಗೆ ಬಿಪಿ ಮತ್ತು ರಕ್ತದ ಕೊಬ್ಬು ಎರಡೂ ಮೇಲಿವೆ, ಎದೆಗೆ ಒಳ್ಳೆಯದಲ್ಲ ಎಂದು ಗುಳಿಗೆ ಬರೆದರು.

“ಸಕ್ಕರಿ ಸರಿ ಐತಲ್ರೀ, ಮತ್ತ ಎದಿಗ್ಯಾಕ ಗುಳಗಿ?” ಟೀಚರ್ ಕೇಳಿದರು.

“ಲೆಕ್ಕದಾಗ ನೂರು ತೊಗೊಂಡು ಉಳಿದ ಎರಡರಾಗ ನಪಾಸಾದ್ರ, ಹುಡುಗರನ್ನ ಮ್ಯಾಲಿನ ಕ್ಲಾಸಿಗೆ ಬಿಡ್ತೀರೇನ್ರಿ?”

“ಪೇಪರ್ ತಿದ್ದಿದವರ ಮ್ಯಾಲ ನನಗ ನಂಬಿಕಿಲ್ರಿ,” ಅಂದರು ಟೀಚರ್. ಮಗಳು ಕಿಸಕ್ಕನೆ ನಕ್ಕಳು.

ಗುಳಿಗೆ ಕೊಂಡರು. ನುಂಗಿದ್ದನ್ನು ನಾನು ನೋಡಲಿಲ್ಲ. ಕೇಳಿದಾಗಲೆಲ್ಲ “ನೀ ಯಾವಾಗಿಂದ ಇನ್‌ಸ್ಪೆಕ್ಟರ್ ಆದಿ?” ಎನ್ನುವರು. ಈಗ ನನಗೂ ಗುಮಾನಿ ಹತ್ತಿತು.

ನಮ್ಮ ತೆಲಂಗಾಣ ಬೇರೆ ರಾಜ್ಯವಾದ ದಿನ ಓಣಿಯ ತುಂಬ ಡೊಳ್ಳು, ಗುಲಾಲು. ಯಾರೋ ತಟ್ಟೆ ಹಿಡಿದು ಬಂದು, “ತೆಲಂಗಾಣ ವಚ್ಚಿಂದಿ ಟೀಚರಮ್ಮಾ, ನೋರು ತೀಪಿ ಚೇಸುಕೋಂಡಿ!” ಎಂದು ಬಾಯಿ ಸಿಹಿ ಮಾಡಿಕೊಳ್ಳಲು ಲಾಡು ಚಾಚಿದರು. ಟೀಚರ್ ಅದನ್ನು ನನ್ನ ಕೈಗೆ ದಾಟಿಸಿ ಕಟ್ಟೆಯ ಮೇಲೆ ಕೂತರು. ಮೈಯೆಲ್ಲ ಬೆವರು. ಮುಟ್ಟಿದರೆ ತಣ್ಣಗೆ.

“ಸಕ್ಕರಿ ಇಳದೈತಿ. ಮಷೀನ್ ತಾ.”

ತಂದೆ. ಅಂಕಿ ಸರಿಯಾಗಿತ್ತು.

“ಸುಳ್ಳು ಹೇಳತೈತಿ ಇದು,” ಎಂದು ಬೆಲ್ಲ ತಿಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಬೆರಳು. ಸಕ್ಕರೆ ಏರಿತ್ತು, ಬೆವರು ಮಾತ್ರ ನಿಲ್ಲಲಿಲ್ಲ.

“ಇದು ಸಕ್ಕರಿ ಅಲ್ರೀ ಟೀಚರ್. ದವಾಖಾನಿಗೆ ಹೋಗೂಣು ನಡೀರಿ.”

“ಎದಿ ನೋವಿಲ್ಲ ಏನಿಲ್ಲ. ಸುಮ್ನ ಕೂಡು. ಮಷೀನ್ ಕೆಟ್ಟೈತಿ, ಅಷ್ಟ.”

ಮತ್ತೊಂದು ಬೆರಳು ಚುಚ್ಚಿಕೊಂಡರು. ಅಂಕಿ ನೋಡುವಷ್ಟರಲ್ಲಿ ನನ್ನ ಹೆಗಲಿಗೆ ವಾಲಿದರು. ಮೆರವಣಿಗೆ ದಾಟಿ ಆಟೋ ದವಾಖಾನೆಗೆ ಮುಟ್ಟುವಷ್ಟರಲ್ಲಿ... ಹೃದಯಾಘಾತ ಅಂದರು ಅಲ್ಲಿನ ಡಾಕ್ಟರು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವೊಮ್ಮೆ ನೋವೇ ಬರುವುದಿಲ್ಲವಂತೆ. ಬರೀ ಬೆವರು.

ಕೋಸಗಿಯಿಂದ ಬಂದ ಅವರ ತಮ್ಮ, “ನಿಮ್ಮ ಹುಡುಗಿಗಾದ್ರೂ ಉಪಯೋಗಕ್ಕ ಬರಲಿ” ಎಂದು ಆ ಚೀಲ ಕೊಟ್ಟು ಹೋದರು. ಕೆಟ್ಟ ಮಷೀನಿನ ಮೇಲೆ ಮಗಳನ್ನು ಹೇಗೆ ಬಿಡಲಿ? ರಾಯಚೂರಿನ ಲ್ಯಾಬಿಗೆ ಒಯ್ದು ಅಲ್ಲಿನವರ ಅಂಕಿಯ ಪಕ್ಕ ಇದರ ಅಂಕಿ ಇಟ್ಟು ನೋಡಿದೆ. ಒಡಹುಟ್ಟಿದ ಅಕ್ಕತಂಗಿಯರಂತೆ ಹೊಂದಿಕೊಂಡವು. ಅಲ್ಲಿಯೇ ಬೆಂಚಿನ ಮೇಲೆ ಕೂತು ಅತ್ತೆ.

ಸಂಜೆ ಗದ್ವಾಲದಿಂದ ಮಗಳು ಬಂದಳು. ಸಕ್ಕರೆಯ ಜೊತೆಗೆ ಈಗ ಅವಳಿಗೂ ಬಿಪಿ ಗುಳಿಗೆ ಹತ್ತಿದೆ. ರೊಟ್ಟಿ, ಪುಂಡಿಪಲ್ಯ, ಮೊಸರು ಉಂಡೆವು. ಅವಳು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದನ್ನು ನಾನು ನೋಡುತ್ತಲೇ ಇದ್ದೆ.

“ಯಾಕವ್ವ, ಟೀಚರ್ ಚಹಾ ನೋಡಿದಂಗ ನೋಡಾಕತ್ತಿ?” ಎಂದು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

ಮೊದಲು ಮಲಗಿದ್ದು ಅವಳೇ. ನಾನು ಅವಳ ಲೋಟ ಬಗ್ಗಿಸಿ ತಳ ನೋಡಿದೆ, ದಿಂಬಿನಡಿ ಕೈಯಾಡಿಸಿದೆ. ಏನೂ ಇರಲಿಲ್ಲ. ಆಮೇಲೆ ಮಲಗಿದೆ.