ಸುಣ್ಣದ ಪಟ್ಟಿಯ ಮೇಲೆ ನಿಂತ ನಮ್ಮತ್ತೆ

ನಮ್ಮತ್ತೆ ತಿಮ್ಮಕ್ಕನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಅಂಥವರ ಜೊತೆ ಒಂದೇ ಮನೆಯಲ್ಲಿ ಬಾಳಿದವರಿಗೇ ಗೊತ್ತು ಅದರ ಪಾಡು. ನೆಂಟರಿಗೆ ನಾನು ಸಾರು ಬಡಿಸುತ್ತಿದ್ದರೆ ಪಕ್ಕದಲ್ಲೇ ನಿಂತು, “ನಿನ್ನೇದು ಕಣಪ್ಪ, ಬಿಸಿ ಮಾಡವಳೆ” ಎನ್ನುವರು. ನನ್ನ ನಾದಿನಿಯನ್ನು ನೋಡಲು ಬಂದ ಗಂಡಿನ ಕಡೆಯವರಿಗೆ, ಯಾರೂ ಕೇಳದಿದ್ದರೂ, “ನಮ್ಮುಡುಗಿಗೆ ಸಿಟ್ಟು ಜಾಸ್ತಿ, ಆಮೇಲೆ ನಮ್ಮನ್ನ ಅನ್ಬೇಡಿ” ಎಂದುಬಿಟ್ಟರು. ನಾನು ರಾಯದುರ್ಗದಿಂದ ಬಂದ ಸೊಸೆ. “ಯಾಕ್ರಿ ಅತ್ತಿ, ಒಂದ್ ಮಾತು ನುಂಗಿದ್ರ ಏನ್ ಗಂಟ್ ಹೋಗ್ತೈತ್ರಿ?” ಎಂದರೆ ನನ್ನ ರಾಗವನ್ನೇ ಅಣಕಿಸಿ, “ಹೋಗ್ತೈತ್ರೀ!” ಎಂದು ಹಲ್ಲು ಬಿಡುವರು.

ಮಡಕಶಿರದ ಪಕ್ಕದ ನಮ್ಮೂರಲ್ಲಿ ಬದುವಿನ ಜಗಳವಾದರೂ ಬೋರಿನ ನೀರಿನ ಜಗಳವಾದರೂ “ತಿಮ್ಮಕ್ಕ ಏನಂದ್ಲು?” ಎಂದು ಕೇಳಿ ಜನ ಸುಮ್ಮನಾಗುತ್ತಿದ್ದರು. ಅತ್ತೆಗೆ ಒಳಗೊಳಗೇ ಅದರ ಜಂಬವೂ ಇತ್ತು.

ಅವರ ಪ್ರಾಣವೆಲ್ಲ ರೇಷ್ಮೆಹುಳು ಸಾಕುವ ಹುಳುಮನೆಯಲ್ಲಿ. ಅದರ ಹೊಸ್ತಿಲಿಗೆ ಅಡ್ಡಲಾಗಿ ಸುಣ್ಣದ ಪುಡಿಯ ಪಟ್ಟಿ. ಕಾಲು ತೊಳೆಯದೆ ಅದನ್ನು ದಾಟಿದರೆ ಹುಳಕ್ಕೆ ರೋಗ ತಗಲುತ್ತದೆಂದು ಹೆತ್ತ ಮಗನನ್ನೂ ತಡೆದು ನಿಲ್ಲಿಸುತ್ತಿದ್ದರು. ಜೊತೆಗೆ ಅವರದೇ ಒಂದು ಕಟ್ಟಳೆ: “ಹುಳದ ಮುಂದೆ ಸುಳ್ಳಾಡಬಾರ್ದು. ಬಾಯಿಲ್ಲದ ಜೀವ, ನಮ್ಮನ್ನ ನಂಬ್ಕಂಡ್ ಮೇಯ್ತವೆ.”

ಅವತ್ತು ಮಧ್ಯಾಹ್ನ ಹುಳು ಕೊನೆಯ ಪೊರೆ ಕಳಚಿ ಸೊಪ್ಪಿಗೆ ಮುಗಿಬಿದ್ದಿದ್ದವು. ನಮ್ಮ ಬೀದಿಯ ಲಕ್ಷ್ಮಕ್ಕನ ಮಗಳು, ಅಗಳಿ ಕಡೆಗೆ ಕೊಟ್ಟಿದ್ದ ಮಂಜುಳಾ, ಎಲ್ಲಿಂದಲೋ ಓಡಿಬಂದಳು. ತುಟಿ ಒಡೆದಿತ್ತು. ಕುತ್ತಿಗೆಯ ಮೇಲೆ ಬೆರಳಿನ ಗುರುತು. “ಈ ಸಲ ಸಾಯಿಸ್ತಾನೆ ದೊಡ್ಡಮ್ಮ. ಅಮ್ಮನ ಮನೆಗೋದ್ರೆ ಮತ್ತೆ ಅವನ ಜೊತೇಲೇ ಕಳಿಸ್ತಾಳೆ” ಎಂದವಳೇ ಧೂಳುಗಾಲಲ್ಲೇ ಹುಳುಮನೆಗೆ ನುಗ್ಗಿದಳು. ಹಿಂದೆಯೇ ಬೈಕಿನ ಸದ್ದು. ಅವಳ ಗಂಡ.

ಸುಣ್ಣದ ಮೇಲೆ ಅವಳ ಹೆಜ್ಜೆ ಬೆರಳು ಸಮೇತ ಮೂಡಿತ್ತು. ಅದಕ್ಕಿಂತ ದೊಡ್ಡ ಭಯ ನಮ್ಮತ್ತೆಯ ಬಾಯಿಯದು. ಈ ಪುಣ್ಯಾತ್ಗಿತ್ತಿ ಈಗಲೂ ನಿಜವನ್ನೇ ಹೇಳಿದರೆ? ಕಣ್ಣಲ್ಲೇ ಬೇಡಿಕೊಂಡೆ. ಅವರು ನನ್ನ ಕಡೆ ನೋಡಲೂ ಇಲ್ಲ. ಮೆಲ್ಲಗೆ ಹೋಗಿ, ತಾವೇ ಯಾರನ್ನೂ ತುಳಿಯಗೊಡದ ಆ ಪಟ್ಟಿಯ ಮೇಲೆ, ಆ ಹೆಜ್ಜೆಯ ಮೇಲೆಯೇ ಕಾಲಿಟ್ಟು ನಿಂತರು.

“ಮಂಜುಳಾ ಬಂದ್ಲಾ?”

“ಬಂದಿಲ್ಲ ಕಣಪ್ಪ. ಎಲ್ಲವಳೋ ನಂಗೊತ್ತಿಲ್ಲ.”

ಅವನು ಬಾಗಿಲ ಕಡೆ ಕಣ್ಣು ಹಾಯಿಸಿದ. ಒಳಗೆ ಹುಳು ಸೊಪ್ಪು ಮೇಯುವ ಸದ್ದು. ಅದರಲ್ಲಿ ಅವಳ ಬಿಕ್ಕಳಿಕೆ ಕೇಳಿಸದಿರಲಪ್ಪಾ ದೇವರೇ ಎಂದು ನಾನು ಸೆರಗು ಹಿಂಡುತ್ತಿದ್ದೆ.

“ನೀನಂದ್ಮೇಲೆ ಮುಗೀತು ತಿಮ್ಮಕ್ಕ. ಬೇರೆಯೋರಾಗಿದ್ರೆ ಒಳಕ್ಕೇ ನುಗ್ತಿದ್ದೆ” ಎಂದ. ನೀರು ಕೇಳಿ ಕುಡಿದು ಹೋದ. ಬೈಕಿನ ಸದ್ದು ಅಡಗುವವರೆಗೂ ಅಲುಗಾಡದಿದ್ದ ಅತ್ತೆ, ಆಮೇಲೆ ಸುಣ್ಣದ ಮೇಲೆಯೇ ಕುಸಿದು ಕುಳಿತರು.

ಮಂಜುಳಾಳನ್ನು ರಾಯದುರ್ಗದ ನನ್ನ ತವರಿಗೆ ಸೇರಿಸಿದೆ. ಅಲ್ಲಿ ಜೀನ್ಸ್ ಹೊಲಿಯುವ ಕೆಲಸ ಸಿಕ್ಕಿತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಲಕ್ಷ್ಮಕ್ಕ ಬಂದು ಅತ್ತೆಯ ಕೈ ಹಿಡಿದು, “ಬದುಕವಳೋ ಸತ್ತವಳೋ, ಅದಾದ್ರೂ ಹೇಳು” ಎಂದು ಅತ್ತಳು. ಆಕೆಯ ಹೊಟ್ಟೆಯಲ್ಲಿ ಮಾತು ನಿಲ್ಲದು. ಅಳಿಯ ಬಂದು ನಾಲ್ಕು ಸಿಹಿಮಾತಾಡಿದರೆ ಎಲ್ಲ ಹೊರಗೆ. ಅತ್ತೆ ಮುಖ ತಿರುಗಿಸಿ, “ನಂಗೊತ್ತಿಲ್ಲ ಕಣವ್ವ” ಎಂದರು. ಆ ದಿನ ಮುದ್ದೆ ಮುಟ್ಟಲಿಲ್ಲ.

ಹುಳುವಿಗೆ ರೋಗ ಬಂದೇ ಬರುತ್ತದೆಂದು ಅವರು ಕಾದರು. ಬೆಳೆ ಚೆನ್ನಾಗೇ ಬಂತು. “ಹುಳಕ್ಕೂ ಗೊತ್ತಾಗ್ಲಿಲ್ಲ ನೋಡೇ” ಎಂದು ಬಿಳಿಯ ಗೂಡುಗಳ ಮುಂದೆ ಕುಳಿತು ಅತ್ತರು. ಆಮೇಲೆ ಯಾರ ಜಗಳಕ್ಕೂ ಮಾತಾಡಲಿಲ್ಲ. ರಸ್ತೆಯಲ್ಲಿ ಬೈಕು ನಿಧಾನವಾದರೆ ಬೆಚ್ಚಿಬೀಳುವರು.

ಹಾಸಿಗೆ ಹಿಡಿದಾಗ ಒಮ್ಮೆ ನನ್ನನ್ನು ಹತ್ತಿರ ಕರೆದರು. “ಅವನಿಗೂ ಅದೇ ಮಾತಂದೆ, ಲಕ್ಷ್ಮಕ್ಕನಿಗೂ ಅದೇ ಮಾತಂದೆ. ಅವನಿಗಂದಿದ್ದು ಒಂದಿನಾನೂ ಚುಚ್ಚಿಲ್ಲ ಕಣೇ. ಹೆತ್ತೋಳಿಗಂದಿದ್ದು ಇಲ್ಲೇ ಕುಂತೈತೆ” ಎಂದು ಎದೆ ಮುಟ್ಟಿಕೊಂಡರು.

“ಆಕಿಗೆ ಹೇಳಿಬಿಡ್ಲೇನ್ರಿ ಅತ್ತಿ?”

“ನಂಗೊತ್ತಿಲ್ಲ ಕಣೇ” ಎಂದರು. ಈ ಸಲ ಅದು ನಿಜವಾಗಿತ್ತು.

ಅವರ ತಿಥಿಯ ದಿನ ಲಕ್ಷ್ಮಕ್ಕ ಎಲೆಯ ಮುಂದೆ ಕುಳಿತು ಅನ್ನ ಕೆದಕುತ್ತ, “ನನ್ ಮಂಜಿ ಸತ್ತೇ ಹೋಗವಳೆ ಬಿಡವ್ವ. ಬದುಕಿದ್ರೆ ತಿಮ್ಮಕ್ಕನಿಗೆ ಗೊತ್ತಿರೋದು. ತಿಮ್ಮಕ್ಕ ಸುಳ್ಳು ಹೇಳೋಳಲ್ಲ” ಎಂದಳು.

ಸಾರಿನ ಪಾತ್ರೆ ಕೆಳಗಿಟ್ಟೆ. ಕೈ ಹಿಡಿದು ಆಕೆಯನ್ನು ಖಾಲಿ ಹುಳುಮನೆಗೆ ಕರೆದೊಯ್ದೆ. ಅಭ್ಯಾಸಬಲದಿಂದ “ಕಾಲು ತೊಳ್ಕೊಳ್ರಿ” ಎಂದೆ. ಬಾಗಿಲು ಹಾಕಿ ರಾಯದುರ್ಗಕ್ಕೆ ಫೋನು ಹಚ್ಚಿ ಆಕೆಯ ಕೈಗಿಟ್ಟೆ. “ಅಮ್ಮಾ” ಎಂಬ ದನಿ ಕೇಳಿದ್ದೇ ಲಕ್ಷ್ಮಕ್ಕ ಎರಡೂ ಕೈಯಲ್ಲಿ ಫೋನು ಒತ್ತಿಕೊಂಡು ನೆಲಕ್ಕೆ ಕುಳಿತಳು.

ಅಳಿಯನಿಗೆ ಹೇಳುವುದಿಲ್ಲವೆಂದು ಆಣೆ ಇಟ್ಟಿದ್ದಾಳೆ. ಉಳಿಸಿಕೊಳ್ಳುತ್ತಾಳೋ ಇಲ್ಲವೋ. ಈಗ ಬೀದಿಯಲ್ಲಿ ಬೈಕು ನಿಧಾನವಾದರೆ, ಕೈಯಲ್ಲಿದ್ದ ಸೊಪ್ಪು ಬಿಟ್ಟು ಓಡಿಬಂದು ಆ ಸುಣ್ಣದ ಪಟ್ಟಿಯ ಮೇಲೆ ನಿಲ್ಲುವವಳು ನಾನು.